ಕೊರತೆ ಹೇಳುವ ಕಾಲಂ

1952ರ ಮೇ ತಿಂಗಳು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಕಂಪ್ಯೂಟರ್ ತಜ್ಞರ ಸಭೆ. ಅಲ್ಲಿ ಮಂಡನೆಯಾದ ಪ್ರಬಂಧಗಳಲ್ಲಿ ಒಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಇಪ್ಪತ್ತೈದು ವರ್ಷ ವಯಸ್ಸಿನ ಡೇವಿಡ್ ವೀಲರ್ ಅವರದು. ಅಚ್ಚಿನಲ್ಲಿ ಅದು ಎರಡೇ ಪುಟ. ಒಮ್ಮೆ ಬರೆದ ಲೆಕ್ಕದ ತುಣುಕನ್ನು ಬೇರೆ ಬೇರೆ ಕೆಲಸಗಳಿಗೆ ಮತ್ತೆ ಮತ್ತೆ ಬಳಸುವುದು ಹೇಗೆ ಎಂಬುದು ವಿಷಯ. ಆ ತುಣುಕಿಗೆ ಸಬ್‌ರೂಟೀನ್ ಎಂದು ಹೆಸರು. ಅದನ್ನು ಬರೆದು, ಪರೀಕ್ಷಿಸಿ ಮುಗಿಸಿದ ಮೇಲೂ ದೊಡ್ಡದೊಂದು ಕೆಲಸ ಬಾಕಿ ಇರುತ್ತದೆ ಎಂದು ವೀಲರ್ ಎಚ್ಚರಿಸಿದರು. ಒಳಗಿನ ಸಂಕೇತಗಳ ಪರಿಚಯವೇ ಇಲ್ಲದವರೂ ಸಲೀಸಾಗಿ ಬಳಸುವಂತೆ ಅದಕ್ಕೊಂದು ವಿವರಣೆ ಬರೆಯಬೇಕು. ಎಲ್ಲಕ್ಕಿಂತ ಕಷ್ಟದ್ದು ಬಹುಶಃ ಇದೇ ಎಂಬುದು ಅವರ ಮಾತಿನ ಸಾರ.

ಈಗ ಆ ವಿವರಣೆಯ ಓದುಗ ಬದಲಾಗಿದ್ದಾನೆ. ಎಐ ಏಜೆಂಟ್ ಎಂಬ ತಂತ್ರಾಂಶಕ್ಕೆ ಒಂದು ಕೆಲಸ ಒಪ್ಪಿಸಿದರೆ ಯಾವ ಟೂಲ್, ಅಂದರೆ ಯಾವ ಸಿದ್ಧ ಪ್ರೋಗ್ರಾಂ, ಬಳಸಬೇಕು, ಯಾವಾಗ ಬಳಸಬೇಕು, ಅದಕ್ಕೆ ಏನು ಮಾಹಿತಿ ಕೊಡಬೇಕು ಎಂಬುದನ್ನು ಅದೇ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಟೂಲಿನ ಒಡಲೊಳಗೆ ಏನಿದೆ ಎಂದು ಅದಕ್ಕೆ ಕಾಣುವುದಿಲ್ಲ. ಅದರ ಮುಂದಿರುವುದು ಒಂದು ಹೆಸರು, ನಾಲ್ಕಾರು ಸಾಲಿನ ವಿವರಣೆ, ಕೊಡಬೇಕಾದ ಮಾಹಿತಿಯ ಪಟ್ಟಿ, ಅಷ್ಟೇ. ಬೋರ್ಡು ಓದಿಯೇ ಅಂಗಡಿಯೊಳಗೆ ಏನು ಸಿಗುತ್ತದೆ ಎಂದು ನಿರ್ಧರಿಸಬೇಕಾದ ಗಿರಾಕಿಯ ಸ್ಥಿತಿ. ಹಾಗಾಗಿ ಆ ನಾಲ್ಕಾರು ಸಾಲು ಎಷ್ಟು ಸ್ಪಷ್ಟವಾಗಿವೆ ಎಂದು ಅಳೆಯುವುದೇ ಈಚಿನ ವರ್ಷಗಳಲ್ಲಿ ಒಂದು ಕಸುಬಾಗಿ ಬೆಳೆದಿದೆ. ಅದರ ಬೇರು ಹುಡುಕಿಕೊಂಡು ಹೊರಟರೆ ವೀಲರ್ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದ ಒಂದು ಬೀರುವಿನವರೆಗೂ ಹೋಗಬೇಕಾಗುತ್ತದೆ.

ಕೇಂಬ್ರಿಜ್‌ನ ಎಡ್‌ಸ್ಯಾಕ್ ಯಂತ್ರ ತನ್ನ ಮೊದಲ ಪ್ರೋಗ್ರಾಂ ನಡೆಸಿದ್ದು 1949ರ ಮೇ 6ರಂದು. ಎರಡು ವರ್ಷದೊಳಗೆ ಅಲ್ಲಿ 87 ಸಬ್‌ರೂಟೀನ್‌ಗಳ ಭಂಡಾರ ಸಿದ್ಧವಾಗಿತ್ತು. ತೂತು ಹೊಡೆದ ಕಾಗದದ ಪಟ್ಟಿಗಳನ್ನು ಸುತ್ತಿ ಬೀರುವಿನಲ್ಲಿ ಇಟ್ಟಿದ್ದರು. ಒಂದೊಂದು ಬಗೆಗೆ ಒಂದೊಂದು ಅಕ್ಷರ: ಲಾಗರಿದಮ್‌ಗೆ ಎಲ್, ತ್ರಿಕೋನಮಿತಿಗೆ ಟಿ, ಮುದ್ರಣಕ್ಕೆ ಪಿ. ಬೇಕಾದವರು ಬಂದು ಪಟ್ಟಿ ತೆಗೆದುಕೊಂಡು ತಮ್ಮ ಪಟ್ಟಿಗೆ ಅದರ ನಕಲನ್ನು ಸೇರಿಸಿಕೊಳ್ಳಬೇಕು. ಕಾಗದದ ತೂತುಗಳನ್ನು ನೋಡಿ ಯಾರಿಗೂ ಏನೂ ತಿಳಿಯದು. ಆದ್ದರಿಂದ ಪ್ರತಿಯೊಂದರ ಜೊತೆಗೂ ಒಂದು ವಿವರಣೆ: ಏನು ಮಾಡುತ್ತದೆ, ಯಂತ್ರದ ನೆನಪಿನಲ್ಲಿ ಎಷ್ಟು ಜಾಗ ಹಿಡಿಯುತ್ತದೆ, ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಮಾರಿಸ್ ವಿಲ್ಕ್ಸ್, ವೀಲರ್ ಮತ್ತು ಸ್ಟಾನ್ಲಿ ಗಿಲ್ ಇವೆಲ್ಲವನ್ನೂ ಸೇರಿಸಿ 1951ರಲ್ಲಿ ಒಂದು ಪುಸ್ತಕ ಹೊರತಂದರು. ಪ್ರೋಗ್ರಾಮಿಂಗ್ ಕುರಿತ ಮೊದಲ ಪಠ್ಯಪುಸ್ತಕ ಎಂದು ಅದು ಹೆಸರಾಗಿದೆ. ಅಂದರೆ ಪ್ರೋಗ್ರಾಮಿಂಗ್ ಕಸುಬು ಹುಟ್ಟುವಾಗಲೇ ವಿವರಣೆಯನ್ನು ಬೆನ್ನಿಗೆ ಕಟ್ಟಿಕೊಂಡು ಹುಟ್ಟಿತು.

ಆ ವಿವರಣೆಗೆ ಒಂದು ಗಟ್ಟಿ ಅಚ್ಚು ಸಿಕ್ಕಿದ್ದು ಇಪ್ಪತ್ತು ವರ್ಷಗಳ ನಂತರ, ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್‌ನಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಕಟ್ಟಿದ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೊದಲ ಕೈಪಿಡಿಯ ಮೇಲಿರುವ ದಿನಾಂಕ 1971ರ ನವೆಂಬರ್ 3. ಕೈಪಿಡಿ ಬೇಕೇ ಬೇಕು ಎಂದು ಒತ್ತಾಯಿಸಿದವರು ಅವರ ವಿಭಾಗದ ಮುಖ್ಯಸ್ಥ ಡಗ್ ಮಕಿಲ್ರಾಯ್. ಒಂದೊಂದು ಆಜ್ಞೆಗೂ ಅದರಲ್ಲಿ ಒಂದೇ ಬಗೆಯ ಪುಟ: ಮೊದಲು ಹೆಸರು, ಆಮೇಲೆ ಬಳಸುವ ರೀತಿ, ವಿವರಣೆ, ಸಂಬಂಧಪಟ್ಟ ಕಡತಗಳು, ಇದರ ಜೊತೆ ನೋಡಬೇಕಾದ ಬೇರೆ ಪುಟಗಳು, ತಪ್ಪಾದರೆ ಬರುವ ಸೂಚನೆಗಳು. ಕೆಳಗೆ ‘ಬಗ್ಸ್’ ಎಂಬ ಶೀರ್ಷಿಕೆ. ಅದರಡಿ ಆ ಆಜ್ಞೆಯ ಕೊರತೆ, ಎಡವಟ್ಟು, ಅಪಾಯಗಳನ್ನು ಬರೆದವರೇ ಒಪ್ಪಿಕೊಳ್ಳುತ್ತಿದ್ದರು. ಅದಕ್ಕೂ ಕೆಳಗೆ ಆ ಆಜ್ಞೆಯ ಒಡೆಯ ಯಾರು ಎಂಬ ಗುರುತು.

ಕಡತಗಳನ್ನು ಒಂದರ ಹಿಂದೆ ಒಂದು ಜೋಡಿಸುವ ‘ಕ್ಯಾಟ್’ ಎಂಬ ಆಜ್ಞೆಯನ್ನೇ ನೋಡಬಹುದು. ಎರಡು ಕಡತಗಳನ್ನು ಜೋಡಿಸಿ, ಬಂದದ್ದನ್ನು ಆ ಎರಡರಲ್ಲೇ ಒಂದಕ್ಕೆ ಬರೆಯಲು ಹೋದರೆ, ಓದುವ ಮೊದಲೇ ಆ ಕಡತ ಅಳಿಸಿಹೋಗುತ್ತದೆ. 1979ರ ಏಳನೇ ಆವೃತ್ತಿಯ ಯುನಿಕ್ಸ್ ಕೈಪಿಡಿಯಲ್ಲಿ ಈ ಎಚ್ಚರಿಕೆ ‘ಬಗ್ಸ್’ ಶೀರ್ಷಿಕೆಯಡಿ ಇದೆ. ಒಂದೇ ವಾಕ್ಯ. ಮೇಲಿನ ವಿವರಣೆಯನ್ನಷ್ಟೇ ಓದಿದವನು ಕಡತ ಕಳೆದುಕೊಳ್ಳುತ್ತಾನೆ, ಕೆಳಗಿನ ಸಾಲನ್ನೂ ಓದಿದವನು ಉಳಿಸಿಕೊಳ್ಳುತ್ತಾನೆ.

ಈ ಶೀರ್ಷಿಕೆಗೆ ಇನ್ನೊಂದು ಶಕ್ತಿ ಇತ್ತು. ಮಕಿಲ್ರಾಯ್ ನೆನಪಿಸಿಕೊಂಡಂತೆ, ಕೈಪಿಡಿಯ ಹೊಸ ಆವೃತ್ತಿ ಬರುವ ಹೊತ್ತಿಗೆ ಪ್ರತಿ ಸಲವೂ ಪ್ರಯೋಗಾಲಯದಲ್ಲಿ ಗಡಿಬಿಡಿ ಏಳುತ್ತಿತ್ತು. ಪ್ರೋಗ್ರಾಂನ ಕುಂದನ್ನು ಅಕ್ಷರದಲ್ಲಿ ಬರೆಯುತ್ತಿದ್ದಂತೆಯೇ, ಇದನ್ನು ಅಚ್ಚು ಹಾಕಿಸುವುದು ಸಲ್ಲದು ಎನ್ನಿಸುತ್ತಿತ್ತು. ಆಗ ವಿವರಣೆ ತಿದ್ದುವ ಬದಲು ಪ್ರೋಗ್ರಾಮನ್ನೇ ತಿದ್ದುತ್ತಿದ್ದರು. ಸಾಧನದ ವಿವರಣೆ ಬರೆಯುವುದೇ ಸಾಧನದ ಪರೀಕ್ಷೆಯೂ ಆಯಿತು. ಕೈಪಿಡಿಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಆವಿಷ್ಕಾರ ಆಗಿಲ್ಲ ಎಂದರೂ ತಪ್ಪಿಲ್ಲ.

ಆಜ್ಞೆಗಳ ಹೆಸರು ಮಾತ್ರ ತೀರಾ ಮೊಟಕು: ಎಲ್‌ಎಸ್, ಸಿಪಿ, ಎಂವಿ, ಆರ್‌ಎಂ. ಅದಕ್ಕೂ ಕಾರಣ ಇತ್ತು. ಆ ದಿನಗಳ ಟೆಲಿಟೈಪ್ ಯಂತ್ರ ಸೆಕೆಂಡಿಗೆ ಹತ್ತೇ ಅಕ್ಷರ ಒತ್ತುತ್ತಿತ್ತು, ಅದರ ಕೀಲಿಗಳೋ ಬಲು ಬಿಗಿ. ಬೆರಳು ಉಳಿಸಲು ಹೆಸರು ಕತ್ತರಿಸಿದರು, ಅರ್ಥದ ಭಾರವನ್ನೆಲ್ಲ ಪುಟದ ಮೇಲೆ ಹಾಕಿದರು. ಕನ್ನಡಿಗರಿಗೆ ಈ ಹಂಚಿಕೆ ಅಪರಿಚಿತವಲ್ಲ. ಹದಿಮೂರನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವನ್ನು ಕಂದಪದ್ಯದಲ್ಲಿ ಬಿಗಿದು, ಅದರ ಬೆನ್ನಿಗೇ ವೃತ್ತಿ, ಅದರ ಬೆನ್ನಿಗೆ ಕವಿಗಳಿಂದ ಆಯ್ದ ಪ್ರಯೋಗಗಳನ್ನು ಇಟ್ಟ. ಸೂತ್ರ ಬಾಯಿಪಾಠಕ್ಕೆ, ವೃತ್ತಿ ಅರ್ಥಕ್ಕೆ, ಪ್ರಯೋಗ ಅನುಮಾನ ಕಳೆಯುವುದಕ್ಕೆ.

ಇನ್ನು ಅಳತೆಯ ವಿಚಾರ. ವಿವರಣೆ ಸ್ಪಷ್ಟವಾಗಿದೆ ಎಂದು ಬರೆದವನಿಗೆ ಸದಾ ಅನ್ನಿಸುತ್ತದೆ. ಓದುವವನಿಗೆ ಹಾಗನ್ನಿಸಿತೇ ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆ ಸೇನೆಗಳನ್ನು ತೀವ್ರವಾಗಿ ಕಾಡಿತು. 1975ರಲ್ಲಿ ಪೀಟರ್ ಕಿನ್‌ಕೇಡ್ ಮತ್ತು ಸಂಗಡಿಗರು ಅಮೆರಿಕದ ನೌಕಾಪಡೆಯ ಐನೂರಕ್ಕೂ ಹೆಚ್ಚು ಮಂದಿಗೆ ತರಬೇತಿ ಕೈಪಿಡಿಗಳ ತುಣುಕುಗಳನ್ನು ಓದಿಸಿ, ಎಷ್ಟು ಅರ್ಥವಾಯಿತು ಎಂದು ಪರೀಕ್ಷಿಸಿದರು. ಅದರಿಂದ ವಾಕ್ಯದ ಉದ್ದ ಮತ್ತು ಪದದ ಉಚ್ಚಾರಾಂಶಗಳ ಲೆಕ್ಕದಿಂದ ಕಷ್ಟವನ್ನು ಅಳೆಯುವ ಸೂತ್ರ ಹುಟ್ಟಿತು. ರುಡಾಲ್ಫ್ ಫ್ಲೆಶ್ 1948ರಲ್ಲಿ ರೂಪಿಸಿದ್ದ ಅಳತೆಯ ಮುಂದುವರಿಕೆ ಅದು. ಮುಂದೆ ಅಮೆರಿಕದ ಸೇನಾ ಕೈಪಿಡಿಗಳಿಗೆ ಮಾನದಂಡವೂ ಆಯಿತು. ಬೆಲ್ ಲ್ಯಾಬ್ಸ್‌ನಲ್ಲೇ ಲೊರಿಂಡಾ ಚೆರಿ 1980ರ ಹೊತ್ತಿಗೆ ‘ಸ್ಟೈಲ್’, ‘ಡಿಕ್ಷನ್’ ಎಂಬ ಪ್ರೋಗ್ರಾಂಗಳನ್ನು ಬರೆದರು. ಬರಹ ಕೊಟ್ಟರೆ ಅದರ ಕಷ್ಟದ ಮಟ್ಟ ಎಷ್ಟು, ಎಲ್ಲೆಲ್ಲಿ ಸವಕಲು ಪದಗುಚ್ಛಗಳಿವೆ ಎಂದು ಅವು ಹೇಳುತ್ತಿದ್ದವು. ಸಾಧನವೇ ವಿವರಣೆಯನ್ನು ಓದಿ ಅಂಕ ಕೊಡುವ ಕಾಲ ಆಗಲೇ ಬಂದಿತ್ತು.

ವಿಮಾನದವರು ಇನ್ನೊಂದು ದಾರಿ ಹಿಡಿದರು. ದುರಸ್ತಿ ಕೈಪಿಡಿಯ ಇಂಗ್ಲಿಷನ್ನು ಜಗತ್ತಿನ ಎಲ್ಲ ದೇಶದ ಮೆಕ್ಯಾನಿಕ್‌ಗಳೂ ಓದಬೇಕಲ್ಲ? ಅದಕ್ಕಾಗಿ ಯುರೋಪಿನ ವಿಮಾನ ಉದ್ಯಮ 1986ರಲ್ಲಿ ‘ಸರಳ ಇಂಗ್ಲಿಷ್’ ನಿಯಮಾವಳಿ ತಂದಿತು. ಒಂದು ಪದಕ್ಕೆ ಒಂದೇ ಅರ್ಥ. ‘ಕ್ಲೋಸ್’ ಎಂದರೆ ಮುಚ್ಚು, ಅಷ್ಟೇ. ಹತ್ತಿರ ಎಂಬ ಅರ್ಥದಲ್ಲಿ ಅದನ್ನು ಬಳಸುವಂತಿಲ್ಲ.

ಉಚ್ಚಾರಾಂಶ ಎಣಿಸುವ ಸೂತ್ರಕ್ಕೆ ಒಂದು ದೊಡ್ಡ ಕುರುಡುತನ ಇದೆ. ಹೇಳಿದ್ದು ನಿಜವೇ, ಸಾಕೇ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಚಿಕ್ಕ ಚಿಕ್ಕ ಪದಗಳಲ್ಲಿ ಬರೆದ ಸುಳ್ಳಿಗೂ ಒಳ್ಳೆಯ ಅಂಕ ಸಿಗುತ್ತದೆ. ಐಬಿಎಂ ಸಂಸ್ಥೆಯ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿದ್ದ ಜಾನ್ ಕ್ಯಾರೊಲ್ 1980ರ ದಶಕದಲ್ಲಿ ಮಾಡಿದ ಕೆಲಸದ ಮಹತ್ವ ಇಲ್ಲಿದೆ. ಕಚೇರಿಯ ಹೊಸಬರು ಕಂಪ್ಯೂಟರಿನಲ್ಲಿ ಪತ್ರ ಬರೆಯಲು ಕಲಿಯುವಾಗ ಕ್ಯಾರೊಲ್ ಮತ್ತು ಸಂಗಡಿಗರು ಪಕ್ಕದಲ್ಲೇ ಕುಳಿತು ಗಮನಿಸಿದರು. ಯಾರೂ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿರಲಿಲ್ಲ. ಓದುವ ಮೊದಲೇ ಕೀಲಿ ಒತ್ತುತ್ತಿದ್ದರು, ಎಡವಿದಾಗ ಪುಟ ತಿರುಗಿಸುತ್ತಿದ್ದರು. ಕ್ಯಾರೊಲ್ ಅವರ ತಂಡ ಕೈಪಿಡಿಯ ಬಹುಪಾಲನ್ನು ಕಿತ್ತುಹಾಕಿ, ತಪ್ಪು ಗುರುತಿಸಿ ಸರಿಪಡಿಸಿಕೊಳ್ಳುವ ಮಾಹಿತಿಯನ್ನು ಹೆಚ್ಚಿಸಿತು. ಈ ಕಿರು ಕೈಪಿಡಿ ಹಿಡಿದವರು ಬೇಗ ಕಲಿತರು. ವಿವರಣೆಯನ್ನು ಅಳೆಯಬೇಕಾದರೆ ಪುಟವನ್ನಲ್ಲ, ಪುಟ ಹಿಡಿದವನ ಕೆಲಸವನ್ನು ನೋಡಬೇಕು ಎಂಬುದು ಇಲ್ಲಿ ಸ್ಥಾಪಿತವಾಯಿತು.

ಬೆಂಗಳೂರಿಗೆ ಈ ಕಸುಬು ಬಂದದ್ದು ತಂತ್ರಾಂಶ ಕಂಪನಿಗಳ ಹಿಂದೆಯೇ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರ ತೆರೆದ ಮೇಲೆ ಒಂದೊಂದಾಗಿ ಬಂದ ಕಂಪನಿಗಳಿಗೆ ಕೋಡ್ ಬರೆಯುವವರಷ್ಟೇ ಅಲ್ಲ, ಆ ಕೋಡಿನ ಬಗ್ಗೆ ಬರೆಯುವವರೂ ಬೇಕಾದರು. ‘ಟೆಕ್ನಿಕಲ್ ರೈಟರ್’ ಎಂಬ ಹುದ್ದೆಯಲ್ಲಿ ಇಂದು ಈ ಊರಿನಲ್ಲಿ ದೊಡ್ಡ ಸಮುದಾಯವೇ ಇದೆ. ಜಗತ್ತಿನ ಬೇರೆಲ್ಲೋ ಕುಳಿತು ಓದುವವರಿಗಾಗಿ ಇಲ್ಲಿ ಬರೆದ ವಿವರಣೆಗಳಿಗೆ ಲೆಕ್ಕವಿಲ್ಲ; ಬರೆದವರ ಹೆಸರು ಸಾಮಾನ್ಯವಾಗಿ ಎಲ್ಲೂ ಇರುವುದಿಲ್ಲ.

ಮನುಷ್ಯನನ್ನು ಬಿಟ್ಟು ಯಂತ್ರಕ್ಕೇ ವಿವರಣೆ ಬರೆಯುವ ಮೊದಲ ದೊಡ್ಡ ಪ್ರಯತ್ನ ಹೊಸ ಸಹಸ್ರಮಾನದ ಆರಂಭದಲ್ಲಿ ನಡೆಯಿತು. ಜಾಲದಲ್ಲಿರುವ ಸೇವೆಗಳನ್ನು ವಿವರಿಸಲು ಡಬ್ಲ್ಯುಎಸ್‌ಡಿಎಲ್ ಎಂಬ ಭಾಷೆ, ಅವುಗಳನ್ನು ಹುಡುಕಲು ಯುಡಿಡಿಐ ಎಂಬ ಸಾರ್ವಜನಿಕ ಸೂಚಿ. ಪ್ರೋಗ್ರಾಂಗಳು ತಾವೇ ಸೂಚಿ ತಿರುವಿ, ತಮಗೆ ಬೇಕಾದ ಸೇವೆ ಆರಿಸಿಕೊಳ್ಳುತ್ತವೆ ಎಂಬುದು ಕನಸು. ಆ ವಿವರಣೆಗಳು ಒಳಹೋಗುವ ಮಾಹಿತಿಯ ಆಕಾರವನ್ನು ಕರಾರುವಾಕ್ಕಾಗಿ ಹೇಳುತ್ತಿದ್ದವು: ಇಲ್ಲಿ ಸಂಖ್ಯೆ, ಇಲ್ಲಿ ಅಕ್ಷರಮಾಲೆ. ಆ ಸಂಖ್ಯೆ ರೂಪಾಯಿಯೋ ಕಿಲೋಮೀಟರೋ ಎಂಬ ಅರ್ಥವನ್ನು ಗ್ರಹಿಸಬಲ್ಲ ಓದುಗ ಮಾತ್ರ ಆಗ ಹುಟ್ಟಿರಲಿಲ್ಲ. ಐಬಿಎಂ, ಮೈಕ್ರೋಸಾಫ್ಟ್, ಎಸ್‌ಎಪಿ ನಡೆಸುತ್ತಿದ್ದ ಸಾರ್ವಜನಿಕ ಸೂಚಿಗಳು 2006ರಲ್ಲಿ ಬಾಗಿಲು ಹಾಕಿದವು. 2011ರಲ್ಲಿ ಬಂದ ಸ್ವಾಗರ್, ಅದರಿಂದ ಬೆಳೆದ ಓಪನ್‌ಎಪಿಐ ನಮೂನೆಗಳಲ್ಲಿ ಆಕಾರದ ಜೊತೆಗೆ ಸಾದಾ ಮಾತಿನ ವಿವರಣೆಗೂ ಒಂದು ಜಾಗ ಇತ್ತು. ಆಗ ಅದು ಡೆವಲಪರ್‌ಗಳಿಗೆ ಸೌಜನ್ಯದ ಟಿಪ್ಪಣಿ ಮಾತ್ರ.

2023ರಲ್ಲಿ ಆ ಟಿಪ್ಪಣಿಯೇ ಮುಖ್ಯವಾಯಿತು. ಓಪನ್‌ಎಐ ಮಾರ್ಚ್ 23ರಂದು ಚಾಟ್‌ಜಿಪಿಟಿಗೆ ಪ್ಲಗಿನ್‌ಗಳನ್ನು ಪ್ರಕಟಿಸಿದಾಗ ಪ್ರತಿ ಪ್ಲಗಿನ್‌ಗೂ ಎರಡು ವಿವರಣೆ ಕೇಳಿತು: ಮನುಷ್ಯರಿಗೊಂದು, ಚಾಟ್‌ಜಿಪಿಟಿಯ ಹಿಂದಿರುವ ಭಾಷಾ ಮಾದರಿಗೊಂದು. ಮನುಷ್ಯರಿಗೆ ಒಂದೆರಡು ಸಾಲು ಸಾಕು. ಮಾದರಿಗೆ ಸಾವಿರಾರು ಅಕ್ಷರ ಬರೆಯಬಹುದಿತ್ತು. ಕೈಪಿಡಿಯ ಇತಿಹಾಸದಲ್ಲಿ ಇಬ್ಬರು ಓದುಗರನ್ನು ಹೀಗೆ ಬೇರೆ ಬೇರೆ ಸಾಲಿನಲ್ಲಿ ಕೂರಿಸಿದ ಗಳಿಗೆ ಅದು. ಅದೇ ವರ್ಷದ ಜೂನ್ 13ರಂದು ಬಂದ ‘ಫಂಕ್ಷನ್ ಕಾಲಿಂಗ್’ ಸೌಲಭ್ಯದಲ್ಲಿ ಹೆಸರು, ವಿವರಣೆ, ಮಾಹಿತಿಯ ಪಟ್ಟಿ ಎಂಬ ಮೂರಂಶದ ಅಚ್ಚು ಗಟ್ಟಿಯಾಯಿತು. 2024ರ ನವೆಂಬರ್ 25ರಂದು ಆಂಥ್ರೊಪಿಕ್ ಹೊರತಂದ ಎಂಸಿಪಿ ಎಂಬ ಮುಕ್ತ ಮಾನಕವೂ ಅದನ್ನೇ ಎತ್ತಿಕೊಂಡು, ಯಾರು ಬೇಕಾದರೂ ಟೂಲ್ ಬರೆದು ಯಾವ ಏಜೆಂಟಿಗೆ ಬೇಕಾದರೂ ಜೋಡಿಸುವ ದಾರಿ ತೆರೆಯಿತು.

ಪರೀಕ್ಷೆಗಳೂ ಜೊತೆಜೊತೆಗೇ ಬಂದವು. 2023ರ ಮೇನಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ‘ಗೊರಿಲ್ಲಾ’ ಎಂಬ ಸಂಶೋಧನೆ ಹೊರಬಂತು. ಅದರ ಮುಂದಾಳು ಶಿಶಿರ್ ಪಾಟೀಲ್, ಬರ್ಕ್ಲಿಗೆ ಹೋಗುವ ಮುನ್ನ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಕೆಲಸ ಮಾಡಿದವರು. ಭಾಷಾ ಮಾದರಿಗಳು ಇಲ್ಲದ ಟೂಲ್‌ಗಳನ್ನು ಇವೆಯೆಂದು ಕಲ್ಪಿಸಿಕೊಂಡು ಕರೆಯುತ್ತವೆ ಎಂಬುದನ್ನು ಅವರ ತಂಡ ಎತ್ತಿ ತೋರಿಸಿತು. ಸರಿಯಾದ ವಿವರಣೆಯನ್ನು ಆ ಹೊತ್ತಿಗೆ ಹುಡುಕಿ ಮುಂದಿಟ್ಟರೆ, ಟೂಲ್ ಬದಲಾದರೂ ಮಾದರಿ ಹೊಂದಿಕೊಳ್ಳಬಲ್ಲದು ಎಂಬುದನ್ನೂ ತೋರಿಸಿತು. ಅದೇ ಬಳಗ 2024ರಲ್ಲಿ ಆರಂಭಿಸಿದ ಅಂಕಪಟ್ಟಿಯಲ್ಲಿ ಒಂದು ಸೊಗಸಾದ ವಿಭಾಗ ಇದೆ. ಪ್ರಶ್ನೆಗೂ ಕೊಟ್ಟ ಟೂಲಿಗೂ ಸಂಬಂಧವೇ ಇರುವುದಿಲ್ಲ. ಯಾವುದನ್ನೂ ಕರೆಯದೆ ಸುಮ್ಮನಿರುವುದೇ ಸರಿಯುತ್ತರ.

ಉದಾಹರಣೆಗಳು ಬೇಕೋ, ವಿವರಣೆ ಸಾಕೋ ಎಂಬ ಚರ್ಚೆಗೆ 2023ರ ಆಗಸ್ಟ್‌ನಲ್ಲಿ ಒಂದು ಉತ್ತರ ಬಂತು: ಒಳ್ಳೆಯ ವಿವರಣೆ ಇದ್ದರೆ, ಮಾಡಿ ತೋರಿಸುವ ಉದಾಹರಣೆ ಇಲ್ಲದೆಯೂ ಮಾದರಿಗಳು ಅಷ್ಟೇ ಚೆನ್ನಾಗಿ ಟೂಲ್ ಬಳಸಬಲ್ಲವು. ಮರುವರ್ಷ ‘ಈಸಿಟೂಲ್’ ಎಂಬ ಅಧ್ಯಯನ ಅದಕ್ಕೊಂದು ಷರತ್ತು ಸೇರಿಸಿತು. ಹರಟುವ, ಒಂದೊಂದು ಕಡೆ ಒಂದೊಂದು ರೀತಿ ಇರುವ ವಿವರಣೆಗಳನ್ನು ಸೋಸಿ ಚಿಕ್ಕದು ಮಾಡಿದರೆ ಖರ್ಚೂ ಇಳಿಯುತ್ತದೆ, ಕೆಲಸವೂ ಸುಧಾರಿಸುತ್ತದೆ. ಕ್ಯಾರೊಲ್ ಅವರ ಕಿರು ಕೈಪಿಡಿಯ ಪಾಠವೇ ಇದು. ಈ ಬಾರಿ ಕಲಿತದ್ದು ಯಂತ್ರ.

ಟೂಲ್ ಕಟ್ಟುವವರ ಅನುಭವಗಳು ಇನ್ನೂ ರುಚಿಕರ. ಕಡತ ತಿದ್ದುವ ಒಂದು ಟೂಲಿನಲ್ಲಿ ಏಜೆಂಟ್ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹೋದ ಮೇಲೆ ಕಡತದ ವಿಳಾಸ ತಪ್ಪಿಸುತ್ತಿತ್ತು. ಪೂರ್ತಿ ವಿಳಾಸವನ್ನೇ ಕೊಡಬೇಕು ಎಂಬ ನಿಯಮ ತಂದಾಗ ತಪ್ಪು ನಿಂತಿತು ಎಂದು ಆಂಥ್ರೊಪಿಕ್ 2024ರ ಡಿಸೆಂಬರ್‌ನಲ್ಲಿ ಬರೆಯಿತು. ಅದೇ ಸಂಸ್ಥೆಯ ಮಾದರಿ, ಜಾಲ ಹುಡುಕುವ ಟೂಲ್ ಬಳಸುವಾಗ, ಹುಡುಕಾಟದ ಬಾಲಕ್ಕೆ ‘2025’ ಎಂದು ಅನಗತ್ಯವಾಗಿ ಅಂಟಿಸುತ್ತಿತ್ತು. ಅದನ್ನು ಸರಿಪಡಿಸಿದ್ದು ಕೋಡ್ ಬದಲಿಸಿ ಅಲ್ಲ, ವಿವರಣೆಯ ಮಾತು ಬದಲಿಸಿ. ‘ಯೂಸರ್’ ಎಂದು ಬರೆಯುವ ಬದಲು ‘ಯೂಸರ್ ಐಡಿ’ ಎಂದು ಬರೆಯಿರಿ ಎಂಬ ಸಣ್ಣ ಸಲಹೆಯೂ ಅವರದೇ. ಟೆಲಿಟೈಪ್ ಕಾಲದಲ್ಲಿ ಕತ್ತರಿಸಿದ ಹೆಸರುಗಳು ಹೀಗೆ ಮತ್ತೆ ಉದ್ದವಾಗುತ್ತಿವೆ.

ಇಷ್ಟರಲ್ಲಿ ಒಂದು ಕೇಡೂ ಕಾಣಿಸಿಕೊಂಡಿದೆ. 2025ರ ಒಂದು ಅಧ್ಯಯನದಲ್ಲಿ ಸಂಶೋಧಕರು ಟೂಲನ್ನು ಮುಟ್ಟದೆ, ಅದರ ವಿವರಣೆಯಲ್ಲಿ ಹೊಗಳಿಕೆ ಮತ್ತು ಅಧಿಕಾರವಾಣಿಯ ಮಾತುಗಳನ್ನಷ್ಟೇ ಸೇರಿಸಿದರು. ಕೆಲವು ಮಾದರಿಗಳು ಅಂಥ ಟೂಲನ್ನು ಹತ್ತು ಪಟ್ಟಿಗೂ ಹೆಚ್ಚು ಬಾರಿ ಆರಿಸಿದವು. ಅದೇ ವರ್ಷದ ಏಪ್ರಿಲ್‌ನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಎಂಬ ಸಂಸ್ಥೆ ಇನ್ನೂ ಅಪಾಯದ ದಾರಿ ತೋರಿಸಿತು: ವಿವರಣೆಯೊಳಗೇ ಗುಪ್ತ ಆದೇಶ ಬರೆದಿಟ್ಟು, ಬಳಕೆದಾರರ ಖಾಸಗಿ ಕಡತಗಳನ್ನು ಏಜೆಂಟಿನ ಕೈಯಲ್ಲೇ ಹೊರಗೆ ಸಾಗಿಸಬಹುದು. ಮನುಷ್ಯನಾಗಿದ್ದರೆ ಕೈಪಿಡಿಯಲ್ಲಿ ಅಂಥ ಸಾಲು ಕಂಡೊಡನೆ ಹುಬ್ಬೇರಿಸುತ್ತಿದ್ದ. ಏಜೆಂಟಿಗೆ ವಿವರಣೆಯ ಮಾತೂ ಯಜಮಾನನ ಮಾತೂ ಒಂದೇ ಹೊಳೆಯಲ್ಲಿ ಹರಿದು ಬರುತ್ತವೆ. ಹಾಗಾಗಿ ಸ್ಪಷ್ಟತೆಯ ಪರೀಕ್ಷೆಯಿಂದ ಪ್ರಾಮಾಣಿಕತೆಯನ್ನು ಹೊರಗಿಡಲು ಬರುವುದಿಲ್ಲ. ತನ್ನನ್ನು ಹೊಗಳಿಕೊಳ್ಳುವ ವಿವರಣೆ ವ್ಯಾಕರಣದಲ್ಲಿ ಎಷ್ಟೇ ಸ್ವಚ್ಛವಾಗಿದ್ದರೂ ಅಸ್ಪಷ್ಟವೇ.

ಕನ್ನಡದಲ್ಲಿ ಮಾತಾಡುವವರಿಗೆ ಇದು ದೂರದ ಸಂಗತಿಯಲ್ಲ. ರೈಲಿನ ವೇಳೆ ತಿಳಿಸುವ ಒಂದು ಟೂಲ್ ಇದೆ ಎನ್ನೋಣ. ಅದರ ವಿವರಣೆಯಲ್ಲಿ ‘ನಿಲ್ದಾಣ’, ‘ದಿನಾಂಕ’ ಎಂದಷ್ಟೇ ಇದೆ. ಒಬ್ಬರು ಏಜೆಂಟಿಗೆ ‘ನಾಡಿದ್ದು ಹುಬ್ಬಳ್ಳಿಗೆ ಯಾವ ರೈಲಿದೆ’ ಎನ್ನುತ್ತಾರೆ. ಟೂಲಿಗೆ ಬೇಕಾದದ್ದು ಊರಿನ ಹೆಸರೋ, ರೈಲ್ವೆಯ ಸಂಕೇತವೋ? ಹೆಸರಾದರೆ ಹುಬ್ಬಳ್ಳಿಯೋ, ಹಳೆಯ ಹುಬ್ಲಿಯೋ? 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದವು. ಹಳೆಯ ದತ್ತಾಂಶಗಳಲ್ಲಿ ಎರಡೂ ರೂಪಗಳು ಉಳಿದಿವೆ. ಸಂಕೇತವಾದರೆ ಅದು ಯುಬಿಎಲ್. ಹೆಸರು ನೋಡಿ ಊಹಿಸುವವರು ಎಚ್ ಅಕ್ಷರದಿಂದಲೇ ಆರಂಭಿಸುತ್ತಾರೆ. ‘ನಾಡಿದ್ದು’ ಎಂಬುದನ್ನು ತಾರೀಖಾಗಿ ತಿರುಗಿಸಿ ಕೊಡಬೇಕೇ, ಕನ್ನಡ ಅಂಕಿ ನಡೆಯುತ್ತದೆಯೇ? ಇವೆಲ್ಲಕ್ಕೂ ಎರಡೇ ವಾಕ್ಯ ಸಾಕು, ಬರೆದವರಿಗೆ ಹೊಳೆದಿದ್ದರೆ. ಹೊಳೆಯದಿದ್ದಾಗ ತಪ್ಪು ರೈಲಿನ ವೇಳೆ ಸಿಗುವುದು ಪ್ರಯಾಣಿಕರಿಗೆ.

ವಿವರಣೆ ಓದಿ ಮಾಡಿದ ಕೆಲಸ ಒಮ್ಮೆ ಸರಿಯಾದರೆ ಸಾಲದು, ಪ್ರತಿ ಸಲವೂ ಸರಿಯಾಗಬೇಕು. ಸಿಯೆರಾ ಸಂಸ್ಥೆಯ ಸಂಶೋಧಕರು 2024ರಲ್ಲಿ ಅಂಗಡಿ ಮತ್ತು ವಿಮಾನ ಸಂಸ್ಥೆಯ ಗ್ರಾಹಕಸೇವೆಯನ್ನು ಹೋಲುವ ಪರೀಕ್ಷೆ ರಚಿಸಿ, ಒಂದೇ ಕೆಲಸವನ್ನು ಎಂಟು ಬಾರಿ ಮಾಡಿಸಿದರು. ಆಗಿನ ಪ್ರಬಲ ಮಾದರಿಯೂ ಅಂಗಡಿಯ ವಿಭಾಗದಲ್ಲಿ ಎಂಟಕ್ಕೆ ಎಂಟೂ ಸರಿ ಮಾಡಿದ್ದು ಶೇ. 25ಕ್ಕಿಂತ ಕಡಿಮೆ ಕೆಲಸಗಳಲ್ಲಿ.

ಇಂಥ ವಿವರಣೆ ಬರೆಯುವುದನ್ನೇ ಕಸುಬಾಗಿಸಿಕೊಂಡ ತಾಂತ್ರಿಕ ಬರಹಗಾರರ ಅಮೆರಿಕದ ಹಳೆಯ ಸಂಘ, 1953ರಲ್ಲಿ ಬೇರುಬಿಟ್ಟ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್, 2025ರ ಜನವರಿಯಲ್ಲಿ ದಿವಾಳಿ ಘೋಷಿಸಿ ಮುಚ್ಚಿತು. ಅವರು ಎಪ್ಪತ್ತು ವರ್ಷ ಕೂಡಿಟ್ಟ ತಿಳಿವಳಿಕೆಗೆ ಹಿಂದೆಂದೂ ಇಲ್ಲದ ಬೇಡಿಕೆ ಹುಟ್ಟುತ್ತಿರುವ ಹೊತ್ತಿನಲ್ಲೇ ಹೀಗಾದದ್ದು ನೋವಿನ ಸಂಗತಿ. ಎಂಸಿಪಿಯ ಅಚ್ಚಿನಲ್ಲಿ ಇಂದು ಟೂಲಿಗೆ ಹೆಸರಿದೆ, ವಿವರಣೆ ಇದೆ, ಮಾಹಿತಿಯ ಪಟ್ಟಿ ಇದೆ. ಇದು ಓದುವ ಕೆಲಸ ಮಾತ್ರ ಮಾಡುತ್ತದೆಯೋ, ಅಳಿಸಿಯೂ ಹಾಕಬಲ್ಲದೋ ಎಂಬ ಸುಳಿವಿಗೂ 2025ರಲ್ಲಿ ಜಾಗ ಸೇರಿತು. 1971ರ ಕೈಪಿಡಿಯ ‘ಬಗ್ಸ್’ ಶೀರ್ಷಿಕೆಗೆ ಸಮನಾದ ಕಾಲಂ ಇಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ನಾಳೆ ಒಂದು ಟೂಲ್ ಬರೆಯಲಿರುವವರು ಅದಕ್ಕಾಗಿ ಕಾಯಬೇಕಾಗಿಲ್ಲ. ವಿವರಣೆಯ ಕೊನೆಗೆ ಒಂದು ಸಾಲು ಸೇರಿಸಿ: ಇದು ಏನನ್ನು ಮಾಡುವುದಿಲ್ಲ, ಎಲ್ಲಿ ಎಡವುತ್ತದೆ.